ಗೋಲು ಕಂಬದ ಕೆಂಪು ಬಟ್ಟೆ

ಕನ್ನಡಕಕ್ಕೆಂದು ಕೈಚೀಲದೊಳಗೆ ತಡಕಾಡಿದ ಮೈದಾನಗಳ ಮೇಲ್ವಿಚಾರಕಿಗೆ ಸಿಕ್ಕಿದ್ದು ಒಂದು ಕೆಂಪು ಬಟ್ಟೆ.

ಅದಕ್ಕೆ ತುಸು ಮುಂಚೆ ಸಭಾಕೋಣೆಯಲ್ಲಿ ಎಲ್ಲರೂ ನಗುತ್ತಿದ್ದರು. ಮುಂದಿನ ವರ್ಷದ ಕೆಲಸಗಳ ಚರ್ಚೆ ನಡೆದಿತ್ತು. ಗೋಡೆಯ ನಕ್ಷೆಯಲ್ಲಿ ಪಟ್ಟಣದ ಆಟದ ಮೈದಾನಗಳು ಹಸಿರು, ಈಜುಕೊಳ ನೀಲಿ, ಮಕ್ಕಳ ಉದ್ಯಾನಗಳು ಹಳದಿ. ಹುಲ್ಲು ಕತ್ತರಿಸುವುದರಿಂದ ಹಿಡಿದು ಜೋಕಾಲಿಯ ಸರಪಳಿಗೆ ಎಣ್ಣೆ ಬಿಡುವವರೆಗೆ ಆ ಬಣ್ಣಗಳಲ್ಲಿ ಏನೇ ಹೆಚ್ಚುಕಡಿಮೆಯಾದರೂ ಜನ ಬೈಯುವುದು ಅವಳನ್ನೇ.

"ಕೆಳಗಿನ ಮೈದಾನದ ಹಿಂದಿನ ಬೇಲಿ ಕಿತ್ತುಹೋಗಿದೆಯಂತೆ," ಎಂದು ಅಧ್ಯಕ್ಷರು ಕೇಳಿದ್ದರು. "ಈ ವರ್ಷವೇ ಮಾಡಿಸೋಣವಾ, ಮುಂದಕ್ಕೆ ತಳ್ಳೋಣವಾ?"

"ತಳ್ಳಿ ಸರ್. ಆ ಸಂದೀಲಿ ನುಗ್ಗೋದು ಮಕ್ಕಳು ಮಾತ್ರ. ಕಳ್ಳ ಬಂದು ಏನು ಹುಲ್ಲು ಮೇಯ್ತಾನಾ?" ಎಂದು ಅವಳು ನಗಿಸಿದ್ದಳು.

ಆ ನಗು ಇನ್ನೂ ಪೂರ್ತಿ ಅಡಗಿರಲಿಲ್ಲ. ಕೈಯಲ್ಲಿದ್ದ ಬಟ್ಟೆಯನ್ನು ಅವಳು ಒಂದು ಗಳಿಗೆ ಯಾರದೋ ಕರವಸ್ತ್ರವೆಂದುಕೊಂಡಳು. ಅದರ ಅಂಚಿಗೆ ಮೆತ್ತಿದ್ದ ಗ್ರೀಸ್ ಕಂಡಿತು. ಇದು ಗೋಲು ಕಂಬದ ಬಟ್ಟೆ.

ಕೆಳಗಿನ ಮೈದಾನದ ಗೋಲು ಕಂಬಗಳು ನೆಲದಲ್ಲಿ ಹೂತವಲ್ಲ, ಎತ್ತಿ ಸರಿಸುವಂಥವು. ಎದುರಿಗೆ ಎರಡು ದಪ್ಪ ಕಂಬ, ಅವುಗಳ ಮೇಲೆ ಅಡ್ಡಕಂಬಿ. ಹಿಂದುಗಡೆ ನೆಲಕ್ಕೆ ತಾಗಿ ಮಲಗಿದ ತೆಳು ಕೊಳವೆ. ಭಾರವೆಲ್ಲ ಮುಂದೆಯೇ. ಹಿಂದಿನ ಕೊಳವೆಯನ್ನು ಕಬ್ಬಿಣದ ಗೂಟ ಹೊಡೆದು ನೆಲಕ್ಕೆ ಬಿಗಿದಿರುವುದರಿಂದಷ್ಟೇ ಇಡೀ ಚೌಕಟ್ಟು ಅಲುಗದೆ ನಿಂತಿರುತ್ತದೆ. ಹುಲ್ಲು ಕತ್ತರಿಸುವಾಗ ಗೂಟ ಕೀಳಲೇಬೇಕು. ಕಿತ್ತ ಮೇಲೂ ನೋಡುವವರ ಕಣ್ಣಿಗೆ ಅದೇ ಗೋಲು. ಆದರೆ ಅಡ್ಡಕಂಬಿಗೆ ಒಬ್ಬ ಹುಡುಗ ಜೋತುಬಿದ್ದು ಜೀಕಿದರೆ ಸಾಕು, ಮುಂದಕ್ಕೆ ಮಗುಚುತ್ತದೆ. ಹುಡುಗ ಕೆಳಗೆ, ಕಬ್ಬಿಣ ಮೇಲೆ.

ಅದಕ್ಕೇ ಅವಳು ಈ ಕೆಲಸಕ್ಕೆ ಬಂದ ಹೊಸದರಲ್ಲಿ ಒಂದು ಪದ್ಧತಿ ಮಾಡಿದ್ದಳು. ಗೂಟ ಕಿತ್ತವನು ಕಂಬಕ್ಕೆ ಕೆಂಪು ಬಟ್ಟೆ ಕಟ್ಟಬೇಕು. ಮತ್ತೆ ಗೂಟ ಹೊಡೆದವನೇ ಅದನ್ನು ಬಿಚ್ಚಬೇಕು. ಬೇರೆ ಯಾರೂ ಅದನ್ನು ಮುಟ್ಟುವಂತಿಲ್ಲ. ಬಟ್ಟೆ ಇದ್ದರೆ ಅಪಾಯ, ಇಲ್ಲದಿದ್ದರೆ ನಿಶ್ಚಿಂತೆ.

ನಿನ್ನೆ ಬೆಳಿಗ್ಗೆ ಪಟ್ಟಣದ ಕ್ಯಾಲೆಂಡರಿಗಾಗಿ ಮೈದಾನದ ಫೋಟೊ ತೆಗೆಯಲು ಒಬ್ಬ ಬಂದಿದ್ದ. ಅದಕ್ಕೂ ಮುಂಚೆಯೇ ಮೈದಾನದ ಹಿರಿಯ ಕೆಲಸಗಾರ ಮೀಸೆ ಹುಲ್ಲು ಅರ್ಧ ಕತ್ತರಿಸಿ, ಹಿಂದಿನ ಗೋಲಿನ ಗೂಟ ಕಿತ್ತು, ಕಂಬಕ್ಕೆ ಬಟ್ಟೆ ಕಟ್ಟಿ, ಈಜುಕೊಳದ ಕಡೆ ಓಡಿದ್ದ. ಅಲ್ಲಿ ಪೈಪ್ ಒಡೆದಿತ್ತು. ಅವನು ಮೀಸೆ ಬೋಳಿಸಿ ಎಷ್ಟೋ ಕಾಲವಾಗಿತ್ತು, ಹೆಸರು ಮಾತ್ರ ಹಾಗೇ ಉಳಿದಿತ್ತು.

"ಮೇಡಂ, ಆ ಚಿಂದಿ ಒಂದು ತೆಗೆದ್ರೆ ಚಿತ್ರ ಚೆನ್ನಾಗಿ ಬರುತ್ತೆ," ಎಂದಿದ್ದ ಫೋಟೊದವನು.

ಒಂದು ನಿಮಿಷದ ಮಾತು ಎಂದು ಅವಳೇ ಹೋಗಿ ಬಿಚ್ಚಿದ್ದಳು. ಆಮೇಲೆ ಕಟ್ಟಿದರಾಯಿತು ಎಂದು ಚೀಲಕ್ಕೆ ತುರುಕಿದ್ದಳು. ಅಷ್ಟರಲ್ಲಿ ಈಜುಕೊಳದಿಂದ ಫೋನ್ ಬಂತು, ನೀರು ಬಟ್ಟೆ ಬದಲಾಯಿಸುವ ಕೋಣೆಗೆ ನುಗ್ಗಿದೆಯೆಂದು.

ಇವತ್ತು ನಾಲ್ಕು ಗಂಟೆಗೆ ಅದೇ ಮೈದಾನದಲ್ಲಿ ಮಕ್ಕಳ ಪಂದ್ಯ. ಗೋಲು ಕಾಯುವವನು ಅವಳ ತಂಗಿಯ ಮಗ. ಜೊತೆಗಾರರು ಅವನನ್ನು ಕಪ್ಪೆ ಎಂದು ಕರೆಯುತ್ತಿದ್ದರು, ಎಗರುತ್ತಾನೆಂದು. ಆಟಕ್ಕೆ ಮುಂಚೆ ಅಡ್ಡಕಂಬಿಗೆ ಎಗರಿ, ನೇತಾಡಿ, ಮೂರು ಸಲ ಜೀಕದಿದ್ದರೆ ಅವನಿಗೆ ಕೈಯೇ ಓಡುವುದಿಲ್ಲವಂತೆ. ಬಿದ್ದು ಕೈಕಾಲು ಮುರಿದುಕೊಂಡಾನೆಂದು ತಂಗಿ ಅವನನ್ನು ಆಟಕ್ಕೆ ಕಳಿಸಲು ಒಲ್ಲೆನೆಂದಿದ್ದಳು. "ನನ್ನ ಮೈದಾನದಲ್ಲಿ ಆಡ್ತಾನೆ ಕಣೇ, ನಿನಗ್ಯಾಕೆ ಭಯ?" ಎಂದು ಒಪ್ಪಿಸಿದವಳು ಇವಳೇ.

ಗೋಡೆಯ ಗಡಿಯಾರದಲ್ಲಿ ಮೂರೂವರೆ ದಾಟಿತ್ತು.

ಅವಳು ಎದ್ದು ಹೊರಗೆ ಬಂದು ಮೀಸೆಗೆ ಫೋನ್ ಮಾಡಿದಳು. ರಿಂಗಾಗಿ ರಿಂಗಾಗಿ ನಿಂತಿತು. ಹುಲ್ಲು ಕತ್ತರಿಸುವ ಯಂತ್ರದ ಮೇಲೆ ಕುಳಿತಿದ್ದರೆ ಅವನಿಗೆ ಸಿಡಿಲು ಹೊಡೆದರೂ ಕೇಳುವುದಿಲ್ಲ. ಮೈದಾನದ ಕಾವಲುಗಾರನಿಗೆ ಮಾಡಿದಳು.

"ಹೇಳಿ ಮೇಡಂ."

"ಹಿಂದಿನ ಗೋಲಿಗೆ ಗೂಟ ಹೊಡೆದಿದಾರಾ ನೋಡು."

"ಹೊಡೆದಿದಾರೆ ಮೇಡಂ."

"ನೋಡಿದ್ಯಾ?"

"ನೋಡೋದೇನು? ಬಟ್ಟೆ ಇಲ್ವಲ್ಲ. ನೀವೇ ಹೇಳಿಕೊಟ್ಟಿದ್ದು."

ಅವಳು ಹೇಳಿಕೊಟ್ಟ ಪಾಠವನ್ನೇ ಅವನು ಅವಳಿಗೆ ಒಪ್ಪಿಸುತ್ತಿದ್ದ.

"ಬಟ್ಟೆ ಬಿಡು ಮಾರಾಯ! ಮಕ್ಕಳನ್ನ ಒಳಗೆ ಬಿಡಬೇಡ. ಒಬ್ಬರನ್ನೂ ಬಿಡಬೇಡ. ನಾನು ಬರ್ತಿದೀನಿ."

"ಆಯ್ತು, ಗೇಟಿಗೆ ಬೀಗ ಹಾಕ್ತೀನಿ. ಆದ್ರೆ ಪಂದ್ಯ…"

ಅವಳು ಆಗಲೇ ಮೆಟ್ಟಿಲಿಳಿಯುತ್ತಿದ್ದಳು.

ಸ್ಕೂಟರಿನ ಮೇಲೆ ಅವಳು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಈಜುಕೊಳದಿಂದ ವಾಪಸ್ ಬಂದ ಮೀಸೆ ಗೂಟ ಹೊಡೆದೇ ಇರುತ್ತಾನೆ. ಮರೆಯುವ ಆಳಲ್ಲ ಅವನು. ಆದರೆ ಮರೆಯದ ಆಳೇ ಬಂದು ನೋಡಿದಾಗ ಕಂಬದಲ್ಲಿ ಬಟ್ಟೆ ಇಲ್ಲದಿದ್ದರೆ? ತಾನು ಇಲ್ಲದಾಗ ಇನ್ಯಾರೋ ಗೂಟ ಹೊಡೆದು ಬಿಚ್ಚಿದ್ದಾರೆ ಎಂದುಕೊಳ್ಳುತ್ತಾನೆ. ಬಟ್ಟೆ ಇಲ್ಲದ ಕಂಬವನ್ನು ತಿರುಗಿ ನೋಡಬೇಕಿಲ್ಲವೆಂದು ಅವಳೇ ಕಲಿಸಿದ್ದಳು. ಎಲ್ಲಿ ಹೊರಳಿದರೂ ಯೋಚನೆ ಅವಳ ಚೀಲದಲ್ಲಿದ್ದ ಆ ಬಟ್ಟೆಗೇ ಬಂದು ನಿಲ್ಲುತ್ತಿತ್ತು.

ಸಿಗ್ನಲ್ಲಿನಲ್ಲಿ ನಿಂತಾಗ ಪಕ್ಕದ ವ್ಯಾನಿನಲ್ಲಿ ಬಣ್ಣದ ಅಂಗಿಗಳ ಮಕ್ಕಳು ಕಿಟಕಿಗೆ ಮುಖ ಒತ್ತಿ ಅವಳನ್ನು ಅಣಕಿಸಿದರು. ಎದುರಾಳಿ ತಂಡ. ದೀಪ ಹಸಿರಾಗುವ ಮೊದಲೇ ಅವಳು ಸ್ಕೂಟರ್ ನುಗ್ಗಿಸಿದಳು. ಯಾರೋ ಹಿಂದಿನಿಂದ ಬೈದರು. ಬೈಯಲಿ.

ಮೈದಾನದ ಗೇಟಿಗೆ ಬೀಗ ಬಿದ್ದಿತ್ತು. ಕಾವಲುಗಾರ ಮಾತು ಉಳಿಸಿಕೊಂಡಿದ್ದ. ಆದರೆ ಗೇಟಿನ ಮುಂದೆ ಒಂದು ಮಗುವೂ ಇರಲಿಲ್ಲ.

ಮಕ್ಕಳ ಗದ್ದಲ ಒಳಗಿನಿಂದ ಕೇಳುತ್ತಿತ್ತು.

ಗೇಟಿನ ಕಂಬಿಗಳ ನಡುವೆ ಕಂಡಿತು: ದೂರದಲ್ಲಿ, ಮಧ್ಯದ ಗೆರೆಯ ಹತ್ತಿರ, ಕಾವಲುಗಾರ ಎರಡೂ ಕೈ ಚಾಚಿ ಕೋಳಿ ಅಟ್ಟುವವನಂತೆ ಅತ್ತಿತ್ತ ಓಡುತ್ತಿದ್ದ. ಒಬ್ಬನನ್ನು ಅಟ್ಟಿದರೆ ನಾಲ್ವರು ಅವನ ಬೆನ್ನ ಹಿಂದಿನಿಂದ ನುಸುಳುತ್ತಿದ್ದರು. ಬೇಲಿಯ ಸಂದಿಯಿಂದ ಬಂದಿದ್ದಾರೆ. ಅವಳು ಇದೀಗ ಮುಂದಿನ ವರ್ಷಕ್ಕೆ ತಳ್ಳಿ ಬಂದ ಬೇಲಿ.

"ಏಯ್! ಬೀಗ ತೆಗಿ!" ಎಂದು ಕಿರುಚಿದಳು. ಗದ್ದಲದಲ್ಲಿ ಅದು ಯಾರ ಕಿವಿಗೂ ಬೀಳಲಿಲ್ಲ. ಗೇಟು ಹತ್ತೋಣವೆಂದರೆ ಅದರ ತುದಿಗೆ ಚೂಪು ಮೊಳೆಗಳು. ಅವನ್ನು ಹಾಕಿಸಿದವಳೂ ಅವಳೇ.

ಗೋಡೆಯ ಪಕ್ಕದ ಓಣಿಯಲ್ಲಿ ಓಡಿದಳು. ಚಪ್ಪಲಿ ಒಂದು ಎಲ್ಲೋ ಕಳಚಿತು. ಗೋಡೆ ಮುಗಿಯುವುದೇ ಇಲ್ಲವೇನೋ ಅನ್ನಿಸಿತು. ಗೋಡೆಯಾಚೆ ಏನು ನಡೆಯುತ್ತಿದೆಯೆಂದು ಕಾಣುತ್ತಿರಲಿಲ್ಲ, ಕೇಳುತ್ತಿತ್ತು. "ಲೇ ಕಪ್ಪೆ, ಎಗರೋ!" ಎಂದು ಯಾರೋ ಕೂಗಿದರು. ಕೇಳುವ ಮುಂದಿನ ಸದ್ದು ಯಾವುದೆಂದು ಅವಳಿಗೆ ಗೊತ್ತಿತ್ತು. ಅದನ್ನು ಕೇಳಬಾರದೆಂದು ಕಿವಿ ಮುಚ್ಚಿಕೊಂಡೇ ಓಡಬೇಕೆನ್ನಿಸಿತು.

ಸಂದಿಯ ತಂತಿ ರವಿಕೆಯ ತೋಳನ್ನು ಸೀಳಿತು. ಒಳಗೆ ಬಂದಾಗ ಅವಳು ಗೋಲಿನ ಹಿಂದುಗಡೆಯೇ ಇದ್ದಳು.

ಕಪ್ಪೆ ಆಗಲೇ ನೇತಾಡುತ್ತಿದ್ದ. ಅವನ ಬೆನ್ನು ಅವಳ ಕಡೆಗಿತ್ತು, ಹಸಿರು ಅಂಗಿ ಮೇಲೆ ಸರಿದು ಸೊಂಟ ಕಾಣುತ್ತಿತ್ತು. ಕಾಲುಗಳನ್ನು ಹಿಂದಕ್ಕೆ ಮಡಚಿ ಮುಂದಕ್ಕೆ ಬೀಸಿದ. "ಒಂದು!" ಎಂದು ಜೊತೆಗಾರರು ಎಣಿಸಿದರು.

ಹಿಂದಿನ ಕೊಳವೆ ಹುಲ್ಲಿನಿಂದ ಮೇಲೆದ್ದಿತು. ಬರೀ ಎರಡು ಬೆರಳಷ್ಟು. ಅದರಡಿ ಬಿಸಿಲು ಕಾಣದೆ ಬಿಳಿಚಿದ ಹುಲ್ಲು ಉದ್ದಕ್ಕೆ ಕಂಡಿತು. ಗೂಟವಿರಬೇಕಾದ ಕಡೆ ಬರೀ ತೂತು. ಕೊಳವೆ ಮತ್ತೆ ಮೆತ್ತಗೆ ನೆಲ ಮುಟ್ಟಿತು. ಮುಂದೆ ನಿಂತು ಎಣಿಸುತ್ತಿದ್ದವರಿಗೆ ಅದು ಕಾಣುವಂತಿರಲಿಲ್ಲ.

ಕೂಗಬೇಕೆಂದು ಬಾಯಿ ತೆರೆದಳು. ಕೂಗಲಿಲ್ಲ. ಕರೆದರೆ ಹುಡುಗ ಮೈತಿರುಗಿಸಿ ನೋಡುತ್ತಾನೆ, ಹೊರಳಿದ ಭಾರಕ್ಕೆ ಚೌಕಟ್ಟು ಬೀಳುತ್ತದೆ.

"ಎರಡು!"

ಈ ಸಲ ಗೇಣುದ್ದ ಎದ್ದಿತು. ಏರುತ್ತಲೇ ಇತ್ತು. ಅವಳು ಓಡಿದವಳು ನಿಲ್ಲಲಿಲ್ಲ. ಮೈಯಿಡೀ ಕೊಳವೆಯ ಮೇಲೆ ಚೆಲ್ಲಿ, ಬಲೆಯೊಳಗೆ ಬೆರಳು ತೂರಿಸಿ ಹಿಡಿದು ಕವುಚಿ ಬಿದ್ದಳು. ಕಬ್ಬಿಣ ಅವಳನ್ನೂ ಎತ್ತಿತು. ಒಂದು ಗಳಿಗೆ ಅವಳ ಪಾದ ನೆಲದಿಂದ ಮೇಲಿತ್ತು. ಸಾಲದು, ನನ್ನ ಭಾರ ಸಾಲದು ಎಂದುಕೊಂಡಳು. ಆಮೇಲೆ ಇಡೀ ಚೌಕಟ್ಟು ಹಿಂದಕ್ಕೆ ಕುಸಿದು ಅವಳ ಎಡಗೈ ಬೆರಳುಗಳ ಮೇಲೆ ಕೂತಿತು.

ಏನೋ ಅದುರಿತೆಂದು ಹುಡುಗ ಕತ್ತು ಹೊರಳಿಸಿದ. "ಅಯ್ಯೋ, ದೊಡ್ಡಮ್ಮ! ಬಲೇಲಿ ಏನ್ಮಾಡ್ತಿದೀರಾ?"

"ಮೀನು ಸಿಕ್ಕಿದೆ ಕಣ್ರೋ!" ಎಂದು ಒಬ್ಬ ಕೂಗಿದ. ಮಕ್ಕಳೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಜೀಕಬೇಡ," ಎಂದಳು. ದನಿ ತನ್ನದಲ್ಲವೆನ್ನಿಸಿತು. "ಕೈ ಬಿಡು, ನೆಟ್ಟಗೆ ಕೆಳಗೆ ಇಳಿ ಮರಿ. ಇಳಿದು ಹಿಂದೆ ಬಾ. ಮುಂದೆ ಯಾರೂ ನಿಲ್ಲಬೇಡಿ. ಎಲ್ಲರೂ ಹಿಂದೆ ಬನ್ನಿ."

ಅವಳ ಮುಖ ನೋಡಿ ನಗು ಒಂದೊಂದಾಗಿ ನಿಂತಿತು. ಕಪ್ಪೆ ಇಳಿದ. ಇಳಿದು, ಹಿಂದೆ ಬಂದು, ಅವಳ ಪಕ್ಕದಲ್ಲಿ ನಿಂತ ಮೇಲೂ ಅವಳು ಏಳಲಿಲ್ಲ.

ಕಾವಲುಗಾರ ಏದುಸಿರು ಬಿಡುತ್ತ ಬಂದ. ಸ್ವಲ್ಪ ಹೊತ್ತಿಗೆ ಮೀಸೆಯೂ ಬಂದ. ತಪ್ಪಿಹೋದ ಕರೆ ನೋಡಿ, ಕಾವಲುಗಾರನಿಗೆ ಫೋನ್ ಮಾಡಿ ವಿಷಯ ತಿಳಿದು, ಹುಲ್ಲಿನ ಯಂತ್ರವನ್ನೇ ರಸ್ತೆಗಿಳಿಸಿ ಓಡಿಸಿಕೊಂಡು ಬಂದಿದ್ದ. ಗೂಟವಿಲ್ಲದ ತೂತುಗಳನ್ನು ನೋಡಿ ಅವನ ಮುಖ ಸುಣ್ಣದಂತಾಯಿತು.

"ಬಟ್ಟೆ ಇರಲಿಲ್ಲ ಮೇಡಂ. ಸಂಜೆ ಬಂದು ನೋಡ್ದೆ. ಬಟ್ಟೆ ಇರಲಿಲ್ಲ, ಅದಕ್ಕೇ…"

ಅವಳು ಚೀಲದಿಂದ ಅದನ್ನು ತೆಗೆದು ಚಾಚಿದಳು. "ನಾನೇ ಬಿಚ್ಚಿದ್ದು. ಫೋಟೊಗೆ."

ಅವನು ಬಟ್ಟೆಯನ್ನು ನೋಡಿದ, ಹುಡುಗನನ್ನು ನೋಡಿದ. ಯಂತ್ರದ ಡಬ್ಬಿಯಲ್ಲಿ ಸದಾ ಇರುತ್ತಿದ್ದ ಗೂಟ, ಸುತ್ತಿಗೆ ತಂದು ಹೊಡೆಯಲು ಕೂತ. ಮೊದಲ ಏಟು ತಪ್ಪಿ ಮಣ್ಣಿಗೆ ಬಿತ್ತು.

"ಒಂದು ಸಲ ಕಾಲಲ್ಲಿ ಒದ್ದು ನೋಡಿದ್ರೆ ಆಗೋದು," ಎಂದು ಗೊಣಗಿದ. "ಅಷ್ಟೂ ಮಾಡಲಿಲ್ಲ ನಾನು."

ಕಪ್ಪೆ ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತು ಕಿವಿಯ ಹತ್ತಿರ ಬಾಯಿ ತಂದ. "ದೊಡ್ಡಮ್ಮ, ದಮ್ಮಯ್ಯ, ನಾನು ನೇತಾಡಿದ್ದು ಅಮ್ಮಂಗೆ ಹೇಳಬೇಡಿ. ಆಮೇಲೆ ಆಟಕ್ಕೇ ಕಳಿಸಲ್ಲ. ನಂದೇ ತಪ್ಪು."

ಅವಳು ಅವನ ಭುಜ ಹಿಡಿದಳು. ಭುಜ ಬೆಚ್ಚಗಿತ್ತು, ಬೆವರಿನಿಂದ ಅಂಟುತ್ತಿತ್ತು. "ನಿಂದಲ್ಲ," ಎಂದಳು. "ನಿಮ್ಮಮ್ಮನ ಹತ್ತಿರ ನಾನು ಮಾತಾಡ್ತೀನಿ. ನಿಂದೇನೂ ಇಲ್ಲ ಅದರಲ್ಲಿ."

ಅವನಿಗೆ ಅರ್ಥವಾಗಲಿಲ್ಲ. ಬೈಗುಳ ತಪ್ಪಿತೆಂಬಷ್ಟು ಮಾತ್ರ ತಿಳಿದು, ಚೆಂಡಿನ ಕಡೆ ಓಡಿದ.

ಮೀಸೆ ಗೂಟಗಳನ್ನೆಲ್ಲ ಹೊಡೆದು, ಒಂದೊಂದನ್ನೂ ಒದ್ದು, ಮುಂದೆ ಹೋಗಿ ಅಡ್ಡಕಂಬಿಗೆ ತಾನೇ ಜೋತುಬಿದ್ದ. ಕೊಳವೆ ಅಲುಗಲಿಲ್ಲ. ಆಗಷ್ಟೇ ಅವಳು ಎದ್ದಳು. ಎಡಗೈ ಬೆರಳುಗಳು ನೀಲಿಗಟ್ಟಿ ಊದಿದ್ದವು.

"ಆಸ್ಪತ್ರೆಗೆ ಹೋಗಿ ಮೇಡಂ, ಪಂದ್ಯ ನಾವು ನೋಡ್ಕೋತೀವಿ," ಎಂದ ಕಾವಲುಗಾರ.

ಅವಳು ಮೈದಾನದ ಆ ತುದಿಯ ಗೋಲನ್ನು ನೋಡುತ್ತಿದ್ದಳು. ಅದಕ್ಕೂ ಬಟ್ಟೆ ಇರಲಿಲ್ಲ. ಅಲ್ಲಿ, ಯಂತ್ರಕ್ಕೆಂದು ತೆಗೆದ ಗೇಟಿನಿಂದ ನುಗ್ಗಿದ ಎದುರಾಳಿ ತಂಡದ ಮಕ್ಕಳು ಆಗಲೇ ಸೇರಿ ಚೆಂಡು ಒದೆಯುತ್ತಿದ್ದರು. ನಿನ್ನೆಯವರೆಗೆ ಬಟ್ಟೆಯಿಲ್ಲದ ಕಂಬ ಕಂಡರೆ ಅವಳು ನೆಮ್ಮದಿಯಿಂದ ಮುಂದೆ ಹೋಗುತ್ತಿದ್ದಳು. ಸಭಾಕೋಣೆಯ ನಕ್ಷೆ ಕಣ್ಣಿಗೆ ಕಟ್ಟಿತು: ಮೇಲಿನ ಮೈದಾನ, ಶಾಲೆಯ ಹಿಂದಿನ ಮೈದಾನ, ಕೆರೆಬದಿಯದು. ಎಲ್ಲ ಕಡೆ ಬಟ್ಟೆಯಿಲ್ಲದ ಕಂಬಗಳು, ಎಲ್ಲ ಕಡೆ ಸಂಜೆಯ ಮಕ್ಕಳು. ಯಾವ ಗಾಳಿ ಯಾವ ಬಟ್ಟೆ ಹಾರಿಸಿದೆಯೋ, ಯಾರು ಯಾವುದನ್ನು ಒಂದು ನಿಮಿಷದ ಮಾತೆಂದು ಬಿಚ್ಚಿದ್ದಾರೋ.

"ಆ ಗೋಲಿನ ಗೂಟ ಯಾವಾಗ ನೋಡಿದ್ದು?" ಎಂದು ಕೇಳಿದಳು.

ಮೀಸೆ ಸುತ್ತಿಗೆ ಕೈಗೆತ್ತಿಕೊಂಡ.

"ಮೊದಲು ಅದನ್ನ ಒದೆಯೋಣ ನಡಿ," ಎಂದಳು. "ಆಮೇಲೆ ಉಳಿದವು. ಕತ್ತಲಾಗೋದರೊಳಗೆ ಎಲ್ಲಾನೂ."

ಒಂದು ಕಾಲಿನಲ್ಲಿ ಚಪ್ಪಲಿಯಿಲ್ಲದೆ ಅವಳು ಗೆರೆ ದಾಟಿ ನಡೆಯತೊಡಗಿದಳು, ಮಕ್ಕಳ ಕಡೆಗೆ, ಆಮೇಲೆ ಓಡುತ್ತ.