ಹೊಗೆಮನೆಗೆ ಹೋಗಿ ಬಂದ ಅಜ್ಜಿ

ಅರಂತೋಡಿನ ಭವಿತಾ ರಸಾಯನಶಾಸ್ತ್ರದ ಪದವೀಧರೆ. ಅವ್ವ ದೇವಮ್ಮನ ಭಾವಚಿತ್ರವನ್ನು ತೈಲವರ್ಣದಲ್ಲಿ ಬಿಡಿಸಬೇಕೆಂಬುದು ಅವಳ ಒಂದೇ ಆಸೆ. ಅದಕ್ಕೆಂದೇ ಪ್ರತಿ ಭಾನುವಾರ ಬಸ್ಸು ಹಿಡಿದು ಪುತ್ತೂರಿನ ಸರ್ವೋತ್ತಮ ಮಾಸ್ಟ್ರ ತರಗತಿಗೆ ಹೋಗುತ್ತಿದ್ದಳು. ಮಾಸ್ಟ್ರ ನಿಯಮ ಕಠಿಣ: ನಾನೂರು ವರ್ಷ ಹಳೆಯ ಡಚ್ ಮುದುಕಿಯೊಬ್ಬಳ ಚಿತ್ರವನ್ನು ನಕಲು ಮಾಡಿ ಪಾಸಾಗದೆ ಯಾರೂ ಜೀವಂತ ಮುಖ ಬಿಡಿಸುವಂತಿಲ್ಲ. ಮೂಲಚಿತ್ರವನ್ನು ಅವರೂ ಕಂಡವರಲ್ಲ. ಅವರ ಬಳಿ ಇದ್ದದ್ದು ಹಳೆಯ ಕ್ಯಾಲೆಂಡರಿನ ಹಾಳೆ, ಅದೂ ಗೋಡೆಯ ತೇವಕ್ಕೆ ಹಳದಿಯಾದದ್ದು.

ಭವಿತಾ ಆ ಮುದುಕಿಯನ್ನು ಸೆಂಟಿಮೀಟರ್ ಚೌಕಗಳಾಗಿ ವಿಂಗಡಿಸಿದಳು. ಬಣ್ಣವನ್ನು ತೂಗಿ ಬೆರೆಸಿ, ಪ್ರಮಾಣವನ್ನು ನೋಟ್ ಪುಸ್ತಕದಲ್ಲಿ ಬರೆದಿಟ್ಟಳು. ಮೂಗು, ಬಿಳಿ ತಲೆವಸ್ತ್ರ, ಗಲ್ಲದ ಸುಕ್ಕು, ಯಾವುದೂ ಅರ್ಧ ಮಿಲಿಮೀಟರ್ ಆಚೀಚೆಯಾಗಲಿಲ್ಲ. ಹೀಗೆ ಎರಡು ಪ್ರತಿ ಒಪ್ಪಿಸಿದಳು. ಎರಡು ಸಲವೂ ಮಾಸ್ಟ್ರು ಕನ್ನಡಕವನ್ನು ಹಣೆಗೇರಿಸಿ ತಿರಸ್ಕರಿಸಿದರು.

"ಎಲ್ಲ ಸರಿ ಉಂಟು ಮಾರಾಯ್ತಿ. ಆದ್ರೆ ಈ ಅಜ್ಜಿಗೆ ಪ್ರಾಯವೇ ಆಗ್ಲಿಲ್ಲ."

ವಯಸ್ಸನ್ನು ಎಷ್ಟು ಗ್ರಾಂ ಹಾಕಬೇಕೆಂದು ಮಾತ್ರ ಹೇಳಲಿಲ್ಲ.

ಮೂರು ಸಲಕ್ಕಿಂತ ಹೆಚ್ಚು ನೋಡುವ ಪದ್ಧತಿ ಅವರದ್ದಲ್ಲ. ಭಾನುವಾರ ಒಪ್ಪಿಸಬೇಕಾದ ಮೂರನೆಯ ಪ್ರತಿ ಶುಕ್ರವಾರವೂ ಹಸಿಯಾಗಿಯೇ ಇತ್ತು. ಮಗಳ ಸಪ್ಪೆ ಮುಖ ನೋಡಲಾರದ ದೇವಮ್ಮ, ಒಣಗಿಸುವ ವಿದ್ಯೆಯಲ್ಲಿ ತನ್ನನ್ನು ಮೀರಿಸುವವರಿಲ್ಲವೆಂಬ ಧೈರ್ಯದಿಂದ, ಕ್ಯಾನ್ವಾಸನ್ನು ಒಯ್ದು, ತಾನು ರಬ್ಬರ್ ಶೀಟು ಒಣಗಿಸುವ ಹೊಗೆಮನೆಯಲ್ಲಿ ಆ ಶೀಟುಗಳ ನಡುವೆ ತೂಗಿಹಾಕಿದಳು. ಎರಡು ದಿನದಲ್ಲಿ ಡಚ್ ಮುದುಕಿ ಕಷಾಯದ ಬಣ್ಣಕ್ಕೆ ತಿರುಗಿದ್ದಳು. ಭವಿತಾಳಿಗೆ ಅಳುವುದಕ್ಕೂ ಪುರುಸೊತ್ತಿರಲಿಲ್ಲ, ಬಸ್ಸು ಬಂದಿತ್ತು.

ಮಾಸ್ಟ್ರು ಚಿತ್ರದ ಮುಂದೆ ಬಹಳ ಹೊತ್ತು ನಿಂತರು. ನಾನೂರು ವರ್ಷ ಈಗ ಕಂಡಿತೆಂದು ಹೇಳಿ ಕೈಮುಗಿದರು. ಸುಳ್ಳು ಹೇಳಿ ಅಭ್ಯಾಸವಿಲ್ಲದ ಭವಿತಾ ನಡೆದದ್ದನ್ನು ನಡೆದ ಹಾಗೆಯೇ ತಿಳಿಸಿದಳು. ಅವರು ಕಿಂಚಿತ್ತೂ ವಿಚಲಿತರಾಗದೆ, ಹೊಗೆಯೂ ಒಂದು ಪರಂಪರೆಯೇ ಎಂದು ತರಗತಿಗೆ ಸಾರಿದರು. ಮುಂದಿನ ವಾರ ಏಳು ಶಿಷ್ಯರ ಏಳು ಮುದುಕಿಯರು ಅರಂತೋಡಿನ ಹೊಗೆಮನೆಯಲ್ಲಿ ಸಾಲಾಗಿ ನೇತಾಡಿದರು.

ಪಾಸಾದ ಭವಿತಾಳ ಮುಂದೆ ಕೊನೆಗೂ ದೇವಮ್ಮ ಕುರ್ಚಿಯಲ್ಲಿ ಕುಳಿತಳು. ಚಿತ್ರ ಮುಗಿದ ದಿನ, ಶಿಷ್ಯರ ಕ್ಯಾನ್ವಾಸುಗಳನ್ನು ಒಯ್ಯಲು ಬಂದ ಮಾಸ್ಟ್ರು ಅದನ್ನು ಮೆಚ್ಚಿ, ಇದನ್ನೂ ಎರಡು ದಿನ ಹೊಗೆಗೆ ಹಾಕಿದರೆ ಶಾಸ್ತ್ರೀಯವಾಗುತ್ತದೆ ಎಂದರು.

ದೇವಮ್ಮ ಕೆಂಪಾದ ಕಣ್ಣುಗಳನ್ನು ಸೆರಗಿನಿಂದ ಒರೆಸಿಕೊಂಡಳು.

"ಇಪ್ಪತ್ತೆರಡು ವರ್ಷದಿಂದ ಅದರೊಳಗೆ ಬೆಂಕಿ ಮಾಡುದು ನಾನೇ ಮಾಸ್ಟ್ರೆ. ನನ್ನ ಚಿತ್ರ ಆದ್ರೂ ಹೊರಗೆ ಇರ್ಲಿ."

ಭವಿತಾ ಅದನ್ನು ಚಾವಡಿಯಲ್ಲಿಟ್ಟಳು. ಒಣಗಲು ಹತ್ತೊಂಬತ್ತು ದಿನ ಹಿಡಿಯಿತೆಂದು ನೋಟ್ ಪುಸ್ತಕದಲ್ಲಿ ಬರೆದಳು.