ಧನುರ್ಮಾಸ ಕಳೆಯಲೆಂದು ಕಾದ ಕಾರು

ನಾನೊಂದು ಹೈಬ್ರಿಡ್ ಕಾರು. ಪೆಟ್ರೋಲ್ ಇಂಜಿನ್ನು, ಬ್ಯಾಟರಿ ಎರಡನ್ನೂ ಒಂದೇ ಹೊಟ್ಟೆಯಲ್ಲಿಟ್ಟು ನನ್ನನ್ನು ಮಾಡಿದರು. ಈಗ ನ್ಯೂಜೆರ್ಸಿಯ ಗುಜರಿಯೊಂದರಲ್ಲಿ ಬಿದ್ದಿದ್ದೇನೆ. ಬ್ಯಾಟರಿಯನ್ನೂ ಕಿತ್ತುಕೊಂಡು ಹೋದರು. ಹೋಗಲಿ, ಸಾಕಾಗಿದೆ.

ನನ್ನನ್ನು ಮೊದಲು ಕೊಂಡವರು ವರದರಾಜ, ಔಷಧಿ ಅಂಗಡಿಯ ನೌಕರ. ಆಗ ಅಮೆರಿಕದ ಸರ್ಕಾರ ನಮ್ಮಂಥ ಕಾರಿಗೆ ತೆರಿಗೆ ರಿಯಾಯಿತಿ ಕೊಡುತ್ತಿತ್ತು. ಅದು ಅಂಗಡಿಯಲ್ಲೇ ಕೈಗೆ ಬರುವ ದುಡ್ಡಲ್ಲ. ವರ್ಷದ ಲೆಕ್ಕ ಒಪ್ಪಿಸುವಾಗ ಕಟ್ಟಬೇಕಾದ ತೆರಿಗೆಯಲ್ಲಿ ಅಷ್ಟು ಇಳಿಯುತ್ತದೆ. ಅದೂ ಹೊಸ ಕಾರಿನ ಮೊದಲ ಒಡೆಯನಿಗೆ ಮಾತ್ರ. ಆಮೇಲೆ ನನ್ನನ್ನು ಕೊಂಡ ಇಬ್ಬರಿಗೆ ಚಿಕ್ಕಾಸೂ ಸಿಗಲಿಲ್ಲ. ನಮ್ಮ ಕಂಪನಿಯ ಕಾರುಗಳು ಸರ್ಕಾರ ಇಟ್ಟ ಮಿತಿ ದಾಟಿ ಮಾರಾಟವಾಗಿದ್ದರಿಂದ, ಜನವರಿ ಒಂದರಿಂದ ರಿಯಾಯಿತಿ ಅರ್ಧವಾಗುವುದಿತ್ತು. ಆ ದುಡ್ಡಿನಲ್ಲಿ ತಾಯಿ ಸಿಂಗಾರಮ್ಮನವರ ಎರಡೂ ಕಿವಿಗೆ ಶ್ರವಣಯಂತ್ರ ತರಬೇಕೆಂದು ವರದರಾಜ ಮತ್ತು ಹೆಂಡತಿ ಗುಟ್ಟಾಗಿ ಮಾತಾಡಿಕೊಂಡಿದ್ದರು.

ಡಿಸೆಂಬರ್ ಇಪ್ಪತ್ತರಂದು ಪೂರ್ತಿ ಹಣ ಕಟ್ಟಿದರು. ಸಿಂಗಾರಮ್ಮ ಮಾತ್ರ ನನ್ನ ಬಾಗಿಲು ಮುಟ್ಟಲಿಲ್ಲ.

"ಧನುರ್ಮಾಸ ಕಣೋ. ಹೊಸ ಗಾಡೀನ ಈಗ ಯಾರಾದ್ರೂ ಮನೆಗೆ ತರ್ತಾರಾ? ಸಂಕ್ರಾಂತಿ ಕಳೀಲಿ."

ವರದರಾಜ ಆಗಲಿ ಎಂದು ತಲೆಯಾಡಿಸಿದರು. ರಸೀದಿಯಲ್ಲಿ ಡಿಸೆಂಬರ್ ಇದ್ದರೆ ಸಾಕೆಂದು ಅವರ ಎಣಿಕೆ. ನಾನು ಶೋರೂಮಿನ ಅಂಗಳದಲ್ಲಿ ಹಿಮ ಹೊತ್ತು ನಿಂತೆ. ಸಂಕ್ರಾಂತಿಯ ಮರುದಿನ ನನ್ನ ಚಕ್ರಗಳಡಿ ನಿಂಬೆಹಣ್ಣು ಇಟ್ಟು ಮನೆಗೆ ಕರೆತಂದರು.

ತೆರಿಗೆಯವರ ಪಂಚಾಂಗವೇ ಬೇರೆ. ಹಣ ಕಟ್ಟಿದ ದಿನ ಅವರಿಗೆ ಬೇಡ, ಕಾರು ಕೈಸೇರಿದ ದಿನ ಬೇಕು. ಅರ್ಧವೇ ಸಿಗುವುದು, ಅದೂ ಮುಂದಿನ ವರ್ಷದ ಲೆಕ್ಕದಲ್ಲಿ ಎಂದು ಲೆಕ್ಕ ಬರೆಯುವವನು ಹೇಳಿದ. ವರದರಾಜ ಇದನ್ನು ಅಮ್ಮನಿಗೆ ಹೇಳಲಿಲ್ಲ.

ಮರುವರ್ಷ ಒಂದೇ ಕಿವಿಗೆ ಯಂತ್ರ ಬಂತು. ಹಾಕಿಸಿಕೊಂಡು ಬರುವಾಗ ಸಿಂಗಾರಮ್ಮ ಹಿಂದಿನ ಸೀಟಿನಲ್ಲಿದ್ದರು. ಸಿಗ್ನಲ್ಲಿನಲ್ಲಿ ನಿಂತಾಗ ಮಗ ಹಳೆಯ ಅಭ್ಯಾಸದಂತೆ ದನಿ ತಗ್ಗಿಸದೆ ಹೆಂಡತಿಗೆ ಹೇಳಿದರು: "ಅವತ್ತು ಅಮ್ಮ ಹಟ ಮಾಡದೇ ಇದ್ದಿದ್ರೆ ಇನ್ನೊಂದು ಕಿವೀಗೂ ಆಗ್ತಿತ್ತು."

ಹೆಂಡತಿ ಅವರ ತೋಳು ಚಿವುಟಿದರು. ವರದರಾಜ ಬೆಚ್ಚಿ ಹಿಂದಕ್ಕೆ ತಿರುಗಿದರು.

"ಅಮ್ಮಾ, ಏನಾದ್ರೂ ಕೇಳಿಸ್ತಾ?"

"ಇಂಜಿನ್ ಸದ್ದು ಕೇಳಿಸ್ತಿದೆ ಕಣೋ," ಎಂದರು ಸಿಂಗಾರಮ್ಮ. "ಅದು ಬಿಟ್ಟು ಬೇರೇನೂ ಇಲ್ಲ."

ಮಗ ನಿರಾಳವಾಗಿ ಉಸಿರುಬಿಟ್ಟರು. ಆದರೆ ನಮ್ಮಂಥ ಕಾರು ನಿಂತರೆ ಇಂಜಿನ್ ತಾನಾಗಿಯೇ ಆರುತ್ತದೆ. ಆಗ ನನ್ನಲ್ಲಿ ಯಾವ ಸದ್ದೂ ಇರಲಿಲ್ಲ.