ಕೌಂಟರಿನ ಕೆಳಗಿನ ಬಾಟಲಿ

ಗುಂಡ್ಲುಪೇಟೆಯ ಹೆದ್ದಾರಿ ಬದಿಯಲ್ಲಿದ್ದ ಸೋಮಶೇಖರನ ಬಾರಿಗೆ ನೀಲಾವತಿ ಅಡುಗೆಯವಳು. ಭೀಮನಬೀಡಿನಿಂದ ಬೆಳಗಿನ ಬಸ್ಸಿಗೆ ಬಂದು, ಬೋಟಿ ತೊಳೆದು ಹುರಿದು, ಮೊಟ್ಟೆ ಬೇಯಿಸಿ, ಗ್ಲಾಸು ಬೆಳಗಿಟ್ಟು ಸಂಜೆಗೆ ಊರು ಸೇರುತ್ತಿದ್ದಳು. ಅಡುಗೆಮನೆಗೂ ಕೌಂಟರಿಗೂ ನಡುವೆ ಒಂದು ಕಿಂಡಿ. ಅದರಿಂದ ತೂರಿಬರುವ ಮಾತು ಕೇಳಿ ಕೇಳಿಯೇ ಬಾರಿನ ಭಾಷೆ ಅವಳಿಗೆ ಒಲಿದಿತ್ತು. ಒಂದು ಕ್ವಾರ್ಟರನ್ನು ಇಬ್ಬರು ಹಂಚಿಕೊಂಡರೆ ಕಟಿಂಗ್. ನೀರು ಸೋಕಿಸದೆ ಇಳಿಸಿದರೆ ರಾ. ಕೂತಲ್ಲೇ ವಾಲತೊಡಗಿದ ಗಿರಾಕಿ ಬ್ರೇಕ್ ಫೇಲ್. ಮನೆಯಲ್ಲಿ ಇದನ್ನೆಲ್ಲ ಹೇಳಿ ತಾಯಿ ದೊಡ್ಡಮಾದಮ್ಮನನ್ನು ನಗಿಸುತ್ತಿದ್ದಳು.

ಅಂದು ಮಧ್ಯಾಹ್ನ ಈರುಳ್ಳಿ ಲಾರಿಗಳು ಸಾಲುಗಟ್ಟಿದ್ದವು. ಬಾರು ಗಿಜಿಗುಡುತ್ತಿತ್ತು. ಹೊಸದಾಗಿ ಸೇರಿದ್ದ ಸಪ್ಲೇಯರ್ ಶಿವಸ್ವಾಮಿ ಕೂಗಿದ: "ಮೂಲೆ ಟೇಬಲ್ಗೆ ಒಂದು ನೀಲಾ!"

ತನ್ನನ್ನೇ ಕರೆದನೆಂದುಕೊಂಡು ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಕಿಂಡಿಯಲ್ಲಿ ಮುಖ ತೂರಿಸಿದಳು. "ಏನ್ಲಾ ಸಿವಸ್ವಾಮಿ, ಏನ್ ಬೇಕು?"

ಶಿವಸ್ವಾಮಿ ಬೆಪ್ಪಾಗಿ ನಿಂತ. ಕ್ಯಾಷಿಯರ್ ಮಹದೇವ ಗೋಡೆ ಕಡೆ ತಿರುಗಿಕೊಂಡ. ನಗುವಿಗೆ ಅವನ ಭುಜ ಕುಣಿಯುತ್ತಿತ್ತು. ಅವನ ಒಂದು ಕೈಯಲ್ಲಿ ಕೌಂಟರಿನ ಕೆಳಗಿಂದ ತೆಗೆದ, ಚೀಟಿ ಕಿತ್ತ ಬಾಟಲಿ; ಇನ್ನೊಂದರಲ್ಲಿ ಅದಕ್ಕೆ ಬಸಿಯುತ್ತಿದ್ದ ಎಂಜಲು ಗ್ಲಾಸು. ಟೇಬಲ್ಲುಗಳಿಂದ ಬಂದ ಗ್ಲಾಸುಗಳಲ್ಲಿ ಉಳಿದದ್ದನ್ನೆಲ್ಲ ಅದಕ್ಕೇ ಬಸಿದಿಟ್ಟುಕೊಂಡು, ರುಚಿ ತಿಳಿಯದಷ್ಟು ಏರಿಸಿಕೊಂಡವರಿಗೆ ಅವನು ಸುರಿಯುತ್ತಿದ್ದ. ತೊಳೆಯಲು ಬರುವ ಗ್ಲಾಸುಗಳು ಯಾವಾಗಲೂ ಬರಿದಾಗಿರುತ್ತಿದ್ದುದು ಏಕೆಂದು ಅವಳಿಗೆ ಈಗ ತಿಳಿಯಿತು.

"ಇದ್ಕೆ ನನ್ನೆಸ್ರು ಯಾಕ್ಲಾ ಮಾದೇವ?"

"ತಮಾಸೆಗೆ ಕಣಕ್ಕ. ಒಬ್ರು ಕುಡ್ದು ಬುಟ್ಟೋದದ್ದು ಅಲ್ವಾ..." ಎಂದವನು ನಾಲಿಗೆ ಕಚ್ಚಿಕೊಂಡ.

ಅರ್ಥವಾಗಲು ಅವಳಿಗೆ ಒಂದು ಗಳಿಗೆ ಹಿಡಿಯಿತು. ಅವಳ ಗಂಡ ಶಾಂತರಾಜು ಗಡಿಯಾಚೆ ಬತ್ತೇರಿ ಕಡೆ ಶುಂಠಿ ಕೆಲಸಕ್ಕೆ ಹೋದವನು ಅಲ್ಲೇ ಇನ್ನೊಬ್ಬಳೊಂದಿಗೆ ಸಂಸಾರ ಹೂಡಿದ್ದ. ಇದನ್ನು ಬಾರಿನಲ್ಲಿ ಅವಳು ಹೇಳಿಕೊಂಡಿದ್ದು ಒಬ್ಬನ ಬಳಿ ಮಾತ್ರ. ಇದೇ ಮಹದೇವನ ಬಳಿ. ಟೀ ತರಿಸಿಕೊಟ್ಟು, "ನಾನಿಲ್ವೇನಕ್ಕ, ತಮ್ಮ ಅನ್ಕೊ" ಎಂದಿದ್ದನಲ್ಲ!

ಅವಳು ಕೌಂಟರಿಗೆ ನುಗ್ಗಿ ಬಾಟಲಿ ಕಸಿದುಕೊಂಡಳು. ತಾನು ಎಂದೂ ಕಾಲಿಡದಿದ್ದ ಕಡೆ, ಗಿರಾಕಿಗಳ ನಡುವೆ ಹೋಗಿ ನಿಂತಳು.

"ನೋಡ್ರಪ್ಪ, ನೀವು ಬುಟ್ಟಿದ್ದೆಲ್ಲ ಇದ್ರಲ್ಲದೆ. ನಿಮ್ಗೇ ಕುಡುಸ್ತಾವ್ರೆ. ಇದ್ಕೆ ನೀಲಾ ಅಂತ ನನ್ನೆಸ್ರು ಬ್ಯಾರೆ ಇಟ್ಟವ್ರೆ!"

ಕುರ್ಚಿಗಳು ಉರುಳಿದವು. ಮೂಲೆಯಲ್ಲಿ ತೂಕಡಿಸುತ್ತಿದ್ದ ಈರುಳ್ಳಿ ಮಂಡಿಯ ಚಿಕ್ಕಮಲ್ಲಪ್ಪನೂ ಎದ್ದು ಬಂದು ಮಹದೇವನ ಕೊರಳಪಟ್ಟಿ ಹಿಡಿದ. "ನಂಗೇ ಎಂಜ್ಲು ಕುಡುಸ್ತೀಯೇನ್ಲಾ?" ಎಲ್ಲರ ಬಾಯಲ್ಲೂ ಎಂಜಲಿನದೇ ಮಾತು. ಒಬ್ಬನಾದರೂ, ಅವಳ ಹೆಸರು ಯಾಕೆ ಇಟ್ಟೆ ಎಂದು ಕೇಳಲಿಲ್ಲ. ಬಾಟಲಿ ಹಿಡಿದು ನಿಂತ ನೀಲಾವತಿಯ ಮೈ ಈಗ ಇನ್ನಷ್ಟು ಉರಿಯಿತು.

ಸೋಮಶೇಖರ ಓಡಿ ಬಂದು, ಎಲ್ಲರೆದುರೂ ಹೊಸ ಬಾಟಲಿ ಒಡೆಸಿ ಬಿಟ್ಟಿ ಕೊಡಿಸಿದ ಮೇಲೆ ಗಲಾಟೆ ತಣ್ಣಗಾಯಿತು. ಆಮೇಲೆ ಅವನು, ಬಾಟಲಿ ಸಮೇತ ಒಳಗೆ ಹೋಗಿದ್ದ ನೀಲಾವತಿಯ ಹಿಂದೆ ಅಡುಗೆಮನೆಗೆ ಬಂದ.

"ಆಯ್ತು ಬುಡಮ್ಮಿ. ಇನ್ಮ್ಯಾಲೆ ಯಾರೂ ಅಂಗನ್ನಲ್ಲ. ಬ್ಯಾರೆ ಎಸ್ರು ಇಡ್ತಾರೆ."

"ಅಂದ್ರೆ ಬಾಟ್ಲಿ ಇದ್ದೇ ಇರ್ತದೆ?"

"ಯಾಪಾರ ಕಣಮ್ಮಿ."

"ಯಾರೆಸ್ರು ಇಡ್ತೀರಿ ಈ ಸಲ? ನಿಮ್ಮನೆ ಎಂಗುಸ್ರುದಾ?"

"ನಾಲ್ಗೆ ಬಿಗಿ ಇಡ್ಕೊ!" ಎಂದು ಅವನು ಗದರುವಷ್ಟರಲ್ಲಿ ಅವಳು ಇಡೀ ಬಾಟಲಿಯನ್ನು ಒಲೆ ಮೇಲೆ ಕಾಯುತ್ತಿದ್ದ ಬೋಟಿಯ ಬಾಣಲೆಗೆ ಸುರಿದಿದ್ದಳು. ಭಗ್ಗನೆ ಉರಿ ಎದ್ದಿತು. ಸೋಮಶೇಖರ ಹಿಂದಕ್ಕೆ ಹಾರಿದ.

"ನೆಂಚ್ಕಳಾಕೆ ಕೊಡಿ, ಓಗಿ," ಎಂದು ಅವಳು ಹಿಂಬಾಗಿಲಿನಿಂದ ಹೊರಟಳು.

ಶಿವಸ್ವಾಮಿ ರಸ್ತೆವರೆಗೂ ಹಿಂದೆ ಬಂದ. "ತಪ್ಪಾಯ್ತಕ್ಕ. ಮಾದೇವಣ್ಣ ಏಳ್ಕೊಟ್ಟಂಗೆ ಅಂದೆ."

"ಏಳ್ಕೊಟ್ರೆ ನಿನ್ನವ್ವನ ಎಸ್ರನ್ನೂ ಕೂಗ್ತಿದ್ದೇನ್ಲಾ?"

ಅವಳು ಬಸ್ಸು ಹತ್ತಿದಳು.

ಈಗ ಚಾಮರಾಜನಗರದ ಬಸ್‌ ಸ್ಟ್ಯಾಂಡಿನ ಹತ್ತಿರ ಒಂದು ಹೋಟೆಲಿನಲ್ಲಿ ಅವಳು ಇಡ್ಲಿ ಬೇಯಿಸುತ್ತಾಳೆ. ಸಂಬಳ ಕಡಿಮೆ, ದಾರಿ ದೂರ. ಸೋಮಶೇಖರನ ಬಾರು ಮೊದಲಿನಂತೆಯೇ ನಡೆಯುತ್ತಿದೆ. ಚಿಕ್ಕಮಲ್ಲಪ್ಪನೂ ಅಲ್ಲಿಗೇ ಹೋಗುತ್ತಾನಂತೆ.

"ಕ್ವಾಪ ಬುಟ್ಬುಡು ಮಗ, ನಿಂಗೇ ಕೇಡು," ಎನ್ನುತ್ತಾಳೆ ದೊಡ್ಡಮಾದಮ್ಮ.

"ಬುಡಾಕಿಲ್ಲ ಕಣವ್ವ," ಎನ್ನುತ್ತಾಳೆ ನೀಲಾವತಿ.